ಗುಡುಗು ಬರುವ ಮೊದಲು ಆಫ್ ಆಗಬೇಕಾದ ಕಂಪ್ಯೂಟರ್

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ತುಲಾ ಮಾಸದಲ್ಲಿ ಮಧ್ಯಾಹ್ನ ದಾಟಿ ಮೂಡು ದಿಕ್ಕಿನಲ್ಲಿ ಮೋಡ ಕಟ್ಟಿತೆಂದರೆ ಇಲ್ಲಿ ಎಲ್ಲರ ಕೈಯೂ ಪ್ಲಗ್ಗಿನ ಮೇಲೆ. ನನ್ನ ಕಂಪ್ಯೂಟರ್ ಮಾತ್ರ ಶಟ್‌ಡೌನ್ ಒತ್ತಿದ ಮೇಲೆ ಮೂರು ನಿಮಿಷವಾದರೂ ಆಫ್ ಆಗುತ್ತಿರಲಿಲ್ಲ. ಯುಪಿಎಸ್ ಕೀಂಗುಡುತ್ತಿದೆ, ಮಿಂಚು ಹತ್ತಿರಾಗುತ್ತಿದೆ, ಪರದೆಯಲ್ಲಿ ಚುಕ್ಕಿಗಳು ಸುತ್ತುತ್ತಲೇ ಇವೆ. ಪಕ್ಕದ ಅಂಗಡಿಯ ಅಣ್ಣ ದಿನಾ ಹೇಳುವುದು ಒಂದೇ: “ಸ್ವಿಚ್ ಒತ್ತಿ ಹಿಡಿಯಿರಿ ಮಾರಾಯ್ರೆ!” ದೇವಸ್ಥಾನದ ಆಮಂತ್ರಣ ಪತ್ರಿಕೆಗಳ ಫೈಲುಗಳೆಲ್ಲ ಅದರಲ್ಲೇ ಇದ್ದಾಗ ಹಾಗೆ ಮಾಡಲು ನನಗೆ ಧೈರ್ಯವಿರಲಿಲ್ಲ.

ಮೊದಲು, ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ಮೈಕ್ರೋಸಾಫ್ಟ್, ವಿಂಡೋಸ್ ಎಂಬ ಫೋಲ್ಡರುಗಳ ಒಳಗೆ ‘ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್’ ಎಂಬ ಲಾಗ್ ಇದೆ. 200 ಎಂಬ ನಂಬರಿನಲ್ಲಿ ಶಟ್‌ಡೌನಿಗೆ ಹಿಡಿದ ಸಮಯ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ತಡ ಮಾಡಿದ್ದು ಪ್ರೋಗ್ರಾಮ್ ಆದರೆ 201, ಡಿವೈಸ್ ಆದರೆ 202, ಹಿನ್ನೆಲೆಯಲ್ಲಿ ಓಡುವ ಸರ್ವಿಸ್ ಆದರೆ 203. ನನ್ನಲ್ಲಿ 203 ಇತ್ತು, ಪ್ರಿಂಟುಗಳನ್ನು ಸಾಲಿನಲ್ಲಿ ನಿಲ್ಲಿಸುವ ಪ್ರಿಂಟ್ ಸ್ಪೂಲರ್ ಹೆಸರಿನಲ್ಲಿ. ಯಾವತ್ತೋ ಸಿಕ್ಕಿಬಿದ್ದ ಪ್ರಿಂಟು. ಸ್ಪೂಲರ್ ನಿಲ್ಲಿಸಿ, ಸಿಸ್ಟಮ್32ರ ಸ್ಪೂಲ್ ಒಳಗಿನ ಪ್ರಿಂಟರ್ಸ್ ಫೋಲ್ಡರನ್ನು ಮಾತ್ರ ಖಾಲಿ ಮಾಡಿ ಮತ್ತೆ ಶುರು ಮಾಡಿದೆ. ಕೆಲವು ಸೆಕೆಂಡು ಉಳಿಯಿತು, ಅಷ್ಟೆ.

ಸರ್ವಿಸ್‌ಗಳಿಗೆ ಕಾಯುವ ಅವಧಿಯನ್ನೇ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸಿನ ಸೆಟ್ಟಿಂಗ್‌ಗಳ ಉಗ್ರಾಣದಲ್ಲಿ, ಕಡಿಮೆ ಮಾಡು ಎಂದರು ಗೆಳೆಯರು. ನಾನು ಮಾಡಲಿಲ್ಲ. ಸೇವ್ ಆಗುತ್ತಿರುವ ಕೆಲಸದ ಕುತ್ತಿಗೆ ಹಿಸುಕಿದಂತೆ ಅದು.

ದಾರಿ ತೋರಿದ್ದು ಸಿಪಿಯುವಿನ ಕೆಂಪು ದೀಪ. ಒಂದು ಸಂಜೆ ಅದರ ಮುಂದೆಯೇ ಕೂತೆ. ಶಟ್‌ಡೌನ್ ಒತ್ತಿದ ಮೇಲೆ ಹಾರ್ಡ್‌ಡಿಸ್ಕಿನ ದೀಪ ಮಿಣುಕುವ ಬದಲು ಒಂದೇ ಸಮನೆ ಉರಿಯುತ್ತಿತ್ತು. ಏನನ್ನೋ ಬರೆಯುತ್ತಿದೆ! ರಿಜಿಸ್ಟ್ರಿಯ ಮೆಮರಿ ಮ್ಯಾನೇಜ್‌ಮೆಂಟ್ ಕೀಯಲ್ಲಿ ‘ಕ್ಲಿಯರ್‌ಪೇಜ್‌ಫೈಲ್‌ಅಟ್‌ಶಟ್‌ಡೌನ್’ 1 ಎಂದಿತ್ತು. ಆಫ್ ಆಗುವ ಮುನ್ನ ಇಡೀ ಪೇಜ್‌ಫೈಲನ್ನು, ಅಂದರೆ ಮೆಮರಿ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಫೈಲನ್ನು, ಸೊನ್ನೆಗಳಿಂದ ತುಂಬು ಎಂದು ಅದರರ್ಥ. ನನ್ನ ಪೇಜ್‌ಫೈಲ್ 8 ಜಿಬಿ. ಹಳೆಯ ಡಿಸ್ಕು ಸೆಕೆಂಡಿಗೆ 60 ಎಂಬಿ ಬರೆದರೆ ಎರಡು ನಿಮಿಷಕ್ಕೂ ಮೇಲಾಯಿತು. ಲೆಕ್ಕ ಕೂಡಿಬಂತು. ರಿಜಿಸ್ಟ್ರಿಯ ಪ್ರತಿ ತೆಗೆದಿಟ್ಟು 1ನ್ನು 0 ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿದೆ. ಮುಂದಿನ ಶಟ್‌ಡೌನ್ 20 ಸೆಕೆಂಡಿನಲ್ಲಿ ಮುಗಿಯಿತು.

ಆದರೆ ಆ ಸೆಟ್ಟಿಂಗ್ ಸುಮ್ಮನೆ ಇರುವುದಲ್ಲ. ಜನ ನಂಬಿ ತರುವ ಆಧಾರ್, ಪಾಸ್‌ಬುಕ್‌ಗಳ ತುಣುಕು ಪೇಜ್‌ಫೈಲಿನಲ್ಲಿ ಉಳಿಯಬಹುದು. ನನ್ನದು ವಿಂಡೋಸ್ 10 ಪ್ರೋ ಆದ್ದರಿಂದ ಆ ರಾತ್ರಿಯೇ ಸಿ ಡ್ರೈವಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕಿದೆ. ಪೇಜ್‌ಫೈಲೂ ಅದರೊಳಗೇ ಬೀಗದಲ್ಲಿರುತ್ತದೆ. ರಿಕವರಿ ಕೀಯನ್ನು ಪ್ರಿಂಟ್ ತೆಗೆದು ಮನೆಯ ಕಪಾಟಿನಲ್ಲಿ ಇಟ್ಟಿದ್ದೇನೆ.