ಒಂದೇ ಪಂದಿಕರಿಗೆ ಎರಡು ಮಾತು: ರೆಸಾರ್ಟ್ ಊಟದಲ್ಲಿ ನನ್ನ ಅನುಭವ

‘ಇಷ್ಟು ಒಳ್ಳೆಯ ಪಂದಿಕರಿ ಬೇರೆಲ್ಲೂ ತಿಂದಿಲ್ಲ’ ಅಂತ ಒಂದು ಟೇಬಲ್ಲಿನವರು. ‘ಬರೀ ಎಣ್ಣೆ, ತುಂಡೇ ಇರಲಿಲ್ಲ’ ಅಂತ ಪಕ್ಕದ ಟೇಬಲ್ಲಿನವರು. ಪಂದಿಕರಿ ಎಂದರೆ ಕೊಡಗಿನ ಹಂದಿಮಾಂಸದ ಅಡುಗೆ. ಅದೇ ಶನಿವಾರ, ಅದೇ ಅಡುಗೆಯವರು, ಅದೇ ಹಂಡೆ. ಕುಶಾಲನಗರದಿಂದ ಮಡಿಕೇರಿವರೆಗೆ ರೆಸಾರ್ಟ್ ಅಡುಗೆಮನೆ ನಡೆಸುವ ಯಾರನ್ನೇ ಕೇಳಿ, ಇಂಥ ಜೋಡಿ ಮಾತು ದಿನಾ ಕೇಳಿರುತ್ತಾರೆ. ಹೆಚ್ಚಿನವರು ‘ಒಬ್ಬೊಬ್ಬರ ನಾಲಿಗೆ ಒಂದೊಂದು ಥರ’ ಎಂದು ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಆ ಎರಡೂ ಟೇಬಲ್ಲಿನವರು ಕಂಡದ್ದನ್ನೇ ಹೇಳಿದ್ದಾರೆ. ಅವರ ತಟ್ಟೆಗೆ ಬಿದ್ದ ಊಟವೇ ಬೇರೆ ಬೇರೆ.

ನಮ್ಮದು ಜಿಪ್‌ಲೈನ್, ನೀರಾಟ ಎಲ್ಲ ಇರುವ, ಮಕ್ಕಳೊಂದಿಗರು ಬರುವ ಜಾಗ. ವಾರಾಂತ್ಯದ ಮಧ್ಯಾಹ್ನ ಸುಮಾರು 140 ಜನ. ಬಫೆ ತೆಗೆದು, ಇಡೀ ಟೇಬಲ್ಲಿಗೆ ಒಂದೇ ಹರಿವಾಣದಲ್ಲಿ ಎಲ್ಲವನ್ನೂ ತಂದಿಟ್ಟು, ಸಾಕೆನ್ನುವ ತನಕ ಮತ್ತೆ ಮತ್ತೆ ಬಡಿಸುವ ಕ್ರಮಕ್ಕೆ ಬಂದೆವು. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಪಾಲಿನೇಷಿಯನ್ ವಿಲೇಜ್ ರೆಸಾರ್ಟಿನಲ್ಲಿ ‘ಒಹಾನ’ ಎಂಬ ಹೋಟೆಲಿದೆ. ಅಲ್ಲೂ ಇದೇ ಕ್ರಮ: ನೂಡಲ್ಸ್, ಕೋಳಿ ರೆಕ್ಕೆ, ಕಂಬಿಯಲ್ಲಿ ಸುಟ್ಟ ಮಾಂಸ ಎಲ್ಲ ಟೇಬಲ್ಲಿಗೇ ಬರುತ್ತದೆ, ಕೊನೆಗೆ ಅನಾನಸ್ ಹಾಕಿದ ಬ್ರೆಡ್ ಪುಡ್ಡಿಂಗ್. ಒಬ್ಬರು ಹೊಗಳಿ ಒಬ್ಬರು ತೆಗಳುವುದು ಅಲ್ಲಿಯೂ ಇದೆ. ನಾವು ಶುರು ಮಾಡಿದಾಗ ಈ ಕಸುಬಿನವರೆಲ್ಲ ಕೊಟ್ಟ ಬುದ್ಧಿ ಒಂದೇ: ‘ಬಫೆ ಇಡಿ, ಪಂದಿಗೆ ಸ್ವಲ್ಪ ಸೋಯಾ ಸಾಸ್ ಹಾಕಿ, ಬೆಂಗಳೂರಿನವರಿಗೆ ಅದೇ ಹಿಡಿಸುತ್ತದೆ.’ ಸೋಯಾ ಸಾಸಿನ ಬಾಟಲಿ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ದೂರುಗಳು ಮೂರರಲ್ಲಿ ಒಂದು ಪಾಲಿಗೆ ಇಳಿದಿವೆ.

ಮೊದಲು ಅಭಿಪ್ರಾಯ ಕೇಳುವ ರೀತಿಯನ್ನೇ ಬದಲಿಸಬೇಕು. ಬಿಲ್ಲಿನ ಜೊತೆ ಐದು ನಕ್ಷತ್ರದ ಚೀಟಿ ಕೊಡುವುದು ದಂಡ. ಬಡಿಸಿದ ಹುಡುಗ ಎದುರಲ್ಲೇ ನಿಂತಿರುವಾಗ ಯಾರೂ ಎರಡು ನಕ್ಷತ್ರ ಹಾಕುವುದಿಲ್ಲ. ‘ಊಟ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಅನ್ನುತ್ತಾರೆ, ರಾತ್ರಿ ಮನೆಗೆ ಹೋಗಿ ಫೋನಿನಲ್ಲಿ ಬೇರೆಯೇ ಬರೆಯುತ್ತಾರೆ. ಕೇಳಬೇಕಾದದ್ದು ‘ಯಾವುದು ಉಳಿಯಿತು?’ ಎಂದು. ಅದಕ್ಕೆ ಉತ್ತರ ನೇರವಾಗಿ ಬರುತ್ತದೆ. ಜೊತೆಗೆ ವಾಪಸು ಬಂದ ಹರಿವಾಣವನ್ನು ತೊಳೆಯಲು ಹಾಕುವ ಮೊದಲು ತಕ್ಕಡಿ ಮೇಲಿಡಿ. ಒಂದು ಉದ್ದ ಪುಸ್ತಕದಲ್ಲಿ ಟೇಬಲ್ ಸಂಖ್ಯೆ, ಕೂತ ಹೊತ್ತು, ಯಾವ ಹಂಡೆ, ಹಂಡೆಯ ಮೇಲ್ಭಾಗವೋ ತಳವೋ, ಮಕ್ಕಳೆಷ್ಟು, ಉಳಿದದ್ದೆಷ್ಟು, ಅವರು ಹೇಳಿದ ಮಾತು ಅವರದೇ ಪದಗಳಲ್ಲಿ, ಇಷ್ಟನ್ನೂ ಬರೆಯಿಸಿ. ಆನ್‌ಲೈನ್‌ನಲ್ಲಿ ಬಂದದ್ದನ್ನೂ ತಾರೀಖು ಹೊಂದಿಸಿ ಇಲ್ಲಿಯೇ ಸೇರಿಸಿ. ಆಮೇಲೆ ಒಳ್ಳೆಯದು, ಕೆಟ್ಟದ್ದು ಎಂದು ವಿಂಗಡಿಸಬೇಡಿ, ಹೊತ್ತಿನ ಪ್ರಕಾರ ಜೋಡಿಸಿ. ನಾಲ್ಕೈದು ವಾರಾಂತ್ಯದ ಪುಟ ಕೂಡಿದರೆ ಸಾಕು. ‘ಎಣ್ಣೆ’ ಎಂದವರೆಲ್ಲ ಹನ್ನೆರಡೂವರೆಯ ಆಸುಪಾಸು ಕೂತವರು, ‘ಒಣಗಿತ್ತು, ಹುಳಿ ಜಾಸ್ತಿ’ ಎಂದವರೆಲ್ಲ ಎರಡರ ಮೇಲೆ ದುಬಾರೆ ಆನೆ ಶಿಬಿರದಿಂದ ವಾಪಸು ಬಂದವರು.

ಕಾರಣ ಹಂಡೆಯೊಳಗೇ ಇದೆ. ಇಪ್ಪತ್ತು ಕಿಲೋ ಪಂದಿಯನ್ನು ಒಂದೇ ಹಂಡೆಯಲ್ಲಿ ಮಾಡಿ ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟರೆ ಕೊಬ್ಬು ಮೇಲಕ್ಕೆ ಬಂದು ನಿಲ್ಲುತ್ತದೆ, ತುಂಡು ತಳ ಹಿಡಿಯುತ್ತದೆ. ಮೊದಲ ಸೌಟುಗಳಿಗೆ ಕೊಬ್ಬು ಸಿಗುತ್ತದೆ. ಎರಡು ಗಂಟೆ ಕಳೆಯುವಾಗ ನೀರಿನಂಶ ಆರಿ, ಕಾಚಂಪುಳಿಯ (ಹುಳಿಗೆ ಹಾಕುವ ಕೊಡಗಿನ ಕಪ್ಪು ಹಣ್ಣಿನ ಪಾಕ) ಹುಳಿ ಮತ್ತು ಉಪ್ಪು ಎರಡೂ ಏರಿರುತ್ತವೆ, ಪದೇ ಪದೇ ಕದಡಿದ ತುಂಡು ನಾರುನಾರಾಗಿರುತ್ತದೆ. ಅಡುಗೆಯವರು ಹನ್ನೊಂದೂವರೆಗೆ ರುಚಿ ನೋಡಿ ಸರಿ ಎಂದಿದ್ದು ಖಂಡಿತ ಸರಿಯೇ. ಆ ರುಚಿ ಯಾವ ಅತಿಥಿಗೂ ಸಿಗುವುದಿಲ್ಲ, ಅಷ್ಟೇ.

ಈಗ ನಾಲ್ಕೈದು ಕಿಲೋದ ಸಣ್ಣ ಪಾತ್ರೆಗಳು, ಸ್ಟೀಲಿನವು. ಅಲ್ಯೂಮಿನಿಯಂ ಬೇಡ, ಕಾಚಂಪುಳಿ ಅದನ್ನು ತಿನ್ನುತ್ತದೆ, ಲೋಹದ ರುಚಿ ಬಿಡುತ್ತದೆ. ಮಾಂಸವನ್ನು ಹಿಂದಿನ ದಿನವೇ ಅರಿಸಿನ, ಉಪ್ಪು, ಖಾರದ ಪುಡಿ, ಸಣ್ಣ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಕರಿಬೇವಿನ ಜೊತೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬೇಯಿಸಿ, ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಬೇಗ ಆರಿಸಿ ಫ್ರಿಜ್ಜಿಗೆ. ಆಳದ ಪಾತ್ರೆಯಲ್ಲೇ ಆರಲು ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬಿಸಿಯಾಗಿಯೇ ಇದ್ದು ಹಾಳಾಗುತ್ತದೆ, ಅದರಲ್ಲಿ ರಾಜಿ ಇಲ್ಲ. ಬೆಳಿಗ್ಗೆ ಗಟ್ಟಿಯಾದ ಕೊಬ್ಬನ್ನು ಮೇಲಿಂದ ಅರ್ಧದಷ್ಟು ತೆಗೆದಿಡುತ್ತೇವೆ. ಪೂರ್ತಿ ತೆಗೆದರೆ ಮಸಾಲೆ ತುಂಡಿಗೆ ಅಂಟುವುದಿಲ್ಲ. ಆಮೇಲೆ ಮುಕ್ಕಾಲು ಗಂಟೆಗೆ ಒಂದರಂತೆ ಪಾತ್ರೆ ಒಲೆಗೇರುತ್ತದೆ, ಚೆನ್ನಾಗಿ ಕೊತಕೊತ ಕುದಿ ಬರಬೇಕು, ಹುರಿದ ಪುಡಿ ಮತ್ತು ಕಾಚಂಪುಳಿ ಆಗಲೇ ಬೀಳುತ್ತವೆ. ಹನ್ನೆರಡೂವರೆಗೆ ಬಂದವರಿಗೂ ಎರಡು ಗಂಟೆಗೆ ಬಂದವರಿಗೂ ಈಗ ಒಂದೇ ರುಚಿ.

ಕಾಚಂಪುಳಿಗೆ ಒಂದೇ ಅಳತೆ ಹೇಳುವವರನ್ನು ನಂಬಬೇಡಿ. ಮಳೆಗಾಲದಲ್ಲಿ ಹಣ್ಣು ಬುಟ್ಟಿಯಲ್ಲಿ ಪೇರಿಸಿ, ಸೋರಿದ ರಸವನ್ನು ಕಾಯಿಸಿ ಕರಿ ಪಾಕ ಮಾಡುತ್ತಾರಲ್ಲ, ಒಬ್ಬೊಬ್ಬರು ಕಾಯಿಸುವುದು ಒಂದೊಂದು ಹದಕ್ಕೆ. ಒಂದು ಬಾಟಲಿ ಕಿಲೋಗೆ 10 ಮಿಲಿಗೇ ಸಾಕೆನಿಸಿದರೆ, ಇನ್ನೊಂದು 20 ಮಿಲಿ ಕೇಳುತ್ತದೆ. ಬಾಟಲಿ ಬದಲಾದಾಗಲೆಲ್ಲ ಒಂದು ಲೋಟ ಬಿಸಿ ಮಾಂಸದ ರಸಕ್ಕೆ ಅರ್ಧ ಚಮಚದಂತೆ ಹಾಕಿ ನೋಡಿ, ಬಾಟಲಿ ಮೇಲೆ ಅಳತೆ ಬರೆದು ಅಂಟಿಸಿ. ತೆಳು ಕಾಚಂಪುಳಿಯಲ್ಲಿ ಬೆಲ್ಲವೋ ಬಣ್ಣವೋ ಬೆರೆಸಿದ್ದೂ ಕಂಡಿದ್ದೇನೆ, ಎಷ್ಟು ತೆಳುವೆಂದು ಬಿಳಿ ತಟ್ಟೆಯ ಮೇಲೆ ಒಂದು ಹನಿ ಓರೆಯಾಗಿ ಹರಿಯಬಿಟ್ಟರೆ ಗೊತ್ತಾಗುತ್ತದೆ. ಪುಡಿಯ ವಿಷಯದಲ್ಲಿ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಚಿಟಿಕೆ ಮೆಂತ್ಯ ಒಂದೊಂದನ್ನೂ ಬೇರೆಯಾಗಿಯೇ ಹುರಿಯಬೇಕು. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಕಪ್ಪಾಗುವಷ್ಟರಲ್ಲಿ ಮೆಂತ್ಯ ಸುಟ್ಟು ಕಹಿ. ಪುಸ್ತಕದಲ್ಲಿ ‘ಕಹಿ’ ಎಂಬ ಮಾತು ಬಂದ ದಿನಗಳನ್ನೆಲ್ಲ ಹಿಂದೆ ಹಿಡಿದು ಹೋದರೆ ಒಟ್ಟಿಗೆ ಹುರಿದ ಪುಡಿಗೇ ಮುಟ್ಟುತ್ತದೆ. ಪುಡಿ ಹಾಕಿದ ಮೇಲೆ ಒಲೆಯಿಂದ ಇಳಿಸುವ ಮೊದಲು ಒಂದು ಸಣ್ಣ ಕೆಲಸ ಮಾಡುತ್ತೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕಡಂಬುಟ್ಟಿನ, ಅಂದರೆ ಅಕ್ಕಿತರಿಯನ್ನು ಹಬೆಯಲ್ಲಿ ಬೇಯಿಸಿದ ಉಂಡೆಯ, ಗಲಾಟೆ ಬೇರೆ. ‘ಹೂವಿನಂತೆ ಮೆತ್ತಗೆ’ ಎಂದೂ ಬಂದಿದೆ, ‘ಕಲ್ಲು’ ಎಂದೂ ಬಂದಿದೆ. ಡಿಸೆಂಬರಿನಲ್ಲಿ ಬಯಲು ಅಂಗಳದ ಟೇಬಲ್ಲಿನಲ್ಲಿ ಕಡಂಬುಟ್ಟು ಹತ್ತು ನಿಮಿಷಕ್ಕೆ ಆರುತ್ತದೆ, ಆರಿದ ಅಕ್ಕಿ ಬಿಗಿಯುತ್ತದೆ. ಅಕ್ಕಿತರಿ ಒಂದಳತೆಗೆ ನೀರು ಎರಡು ಎನ್ನುವುದು ಎಲ್ಲರಿಗೂ ಗೊತ್ತು. ನಾವು ಎರಡೂಕಾಲು ಹಾಕುತ್ತೇವೆ, ಉಂಡೆ ಕಟ್ಟುವಾಗ ಕೈಗೆ ತುಸು ಅಂಟಿದರೂ ಸರಿ. ಉಂಡೆಯನ್ನು ನಿಂಬೆಹಣ್ಣಿಗಿಂತ ದೊಡ್ಡದು ಮಾಡಬೇಡಿ, ನಡುಭಾಗಕ್ಕೆ ಹಬೆ ಮುಟ್ಟುವುದಿಲ್ಲ. ಟೇಬಲ್ಲಿಗೆ ಒಮ್ಮೆಗೆ ತಲೆಗೆ ಎರಡೇ. ಹಾಟ್‌ಬಾಕ್ಸಿನ ಮುಚ್ಚಳದ ಒಳಗೆ ಹತ್ತಿಬಟ್ಟೆ ಕಟ್ಟದಿದ್ದರೆ ಹಬೆ ನೀರಾಗಿ ಇಳಿದು ಮೇಲಿನ ಸಾಲು ಗಂಜಿಯಾಗುತ್ತದೆ, ಆಗ ‘ಬೆಂದಿಲ್ಲ’ ಎಂಬ ಮೂರನೆಯ ಅಭಿಪ್ರಾಯ ಹುಟ್ಟುತ್ತದೆ. ಅಕ್ಕಿ ಶ್ಯಾವಿಗೆಯಾದ ನೂಪುಟ್ಟಿಗೆ ಈ ತೊಂದರೆ ಕಡಿಮೆ. ಅದಕ್ಕೇ ಜಿಪ್‌ಲೈನ್ ಮುಗಿಸಿ ತಡವಾಗಿ ಬರುವ ಗುಂಪಿಗೆ ನೂಪುಟ್ಟು ಮುಂದೆ ಮಾಡುತ್ತೇವೆ.

‘ತಿಂದು ಮುಗಿಸಲಾಗಲಿಲ್ಲ’ ಮತ್ತು ‘ಎರಡನೇ ಸಲ ಕೇಳಿದರೆ ಯಾರೂ ಬರಲಿಲ್ಲ’ ಎರಡೂ ಒಂದೇ ದಿನ ಬರುವುದಕ್ಕೆ ಕಾರಣ ಬಡಿಸುವ ಕ್ರಮ. ಮದುವೆ ಪಂಕ್ತಿಯಲ್ಲಿ ಯಾರೂ ಕೈಯೆತ್ತಿ ಕರೆಯುವುದಿಲ್ಲ, ಪಾತ್ರೆ ಹಿಡಿದವರು ತಾವಾಗಿ ಸಾಲು ಸುತ್ತುತ್ತಾರೆ. ರೆಸಾರ್ಟಿನಲ್ಲಿ ಅದನ್ನು ಮರೆತು ವೇಟರನ್ನು ಕರೆಯುವ ಪದ್ಧತಿ ಹಿಡಿದಿದ್ದೇವೆ. ಜೋರು ದನಿಯ ಟೇಬಲ್ಲಿಗೆ ನಾಲ್ಕು ಸಲ ಸಿಗುತ್ತದೆ, ಸಂಕೋಚದವರಿಗೆ ಒಂದೇ ಸಲ. ಆರು ಟೇಬಲ್ಲಿಗೆ ಒಬ್ಬರನ್ನು ಬರೀ ಮರುಬಡಿಸುವ ಕೆಲಸಕ್ಕೆ ಬಿಡಿ, ನೀರು, ಬಿಲ್ಲು ಯಾವುದೂ ಅವರ ತಲೆಗೆ ಬೇಡ. ಮೊದಲ ಹರಿವಾಣ ಕಡಿಮೆ ಇರಲಿ: ದೊಡ್ಡವರಿಗೆ ಬೆಂದ ಪಂದಿ 80, 90 ಗ್ರಾಂ, ಹಸಿಯಲ್ಲಿ ತಲೆಗೆ 200 ಗ್ರಾಂ ಲೆಕ್ಕ, ಮಿಕ್ಕದ್ದು ಎರಡನೇ ಸುತ್ತಿಗೆ. ಏಳೆಂಟು ನಿಮಿಷಕ್ಕೆ ಪಾತ್ರೆ ಎದುರಿಗೆ ಬಂದರೆ ‘ಕಡಿಮೆ ಕೊಟ್ಟರು’ ಎಂಬ ಮಾತೇ ಏಳುವುದಿಲ್ಲ. ಒಬ್ಬ ಆಳಿನ ಸಂಬಳ ಹೆಚ್ಚಾಯಿತು ಎಂದು ಮಾಲೀಕರು ಹಿಂದೇಟು ಹಾಕುತ್ತಾರೆ. ಉಳಿತಾಯದ ಲೆಕ್ಕ ಮುಂದೆ ಇದೆ.

ನಿಜವಾಗಿ ಕಷ್ಟದ್ದು ಮಿಶ್ರ ಟೇಬಲ್. ಆರು ಜನರಲ್ಲಿ ಇಬ್ಬರು ಪಂದಿ ಮುಟ್ಟುವುದಿಲ್ಲ, ಒಬ್ಬರು ಪೂರ್ತಿ ಸಸ್ಯಾಹಾರಿ. ಒಂದೇ ಹರಿವಾಣ ಇಟ್ಟರೆ ಆ ಒಬ್ಬರಿಗೆ ಊಟವೆಲ್ಲ ಮೈಲಿಗೆಯಂತೆ ಕಾಣುತ್ತದೆ, ಅವರ ಒಂದು ನಕ್ಷತ್ರ ನ್ಯಾಯವಾದದ್ದೇ. ಬುಕಿಂಗ್ ಫೋನಿನಲ್ಲಿಯೇ ಯಾರು ಏನು ತಿನ್ನುತ್ತಾರೆ, ಮಕ್ಕಳ ವಯಸ್ಸೆಷ್ಟು, ಊಟ ಮುಗಿಸಿ ಎಲ್ಲಿಗೆ ಹೊರಡುತ್ತೀರಿ ಎಂದು ಕೇಳಿಬಿಡಿ. ಸಸ್ಯಾಹಾರದ ಹರಿವಾಣ ಬೇರೆ ಕಟ್ಟೆಯಿಂದ, ಹಸಿರು ದಾರ ಕಟ್ಟಿದ ಸೌಟಿನ ಜೊತೆ, ಮೊದಲು ಹೊರಡಬೇಕು. ಅದರಲ್ಲಿ ಕುಮ್ಮು ಕರಿ (ಅಣಬೆಯದು), ಪಾಪುಟ್ಟು (ಅಕ್ಕಿತರಿ, ಹಾಲು, ಕಾಯಿತುರಿ ಹಾಕಿ ಹಬೆಯಲ್ಲಿ ಬೇಯಿಸಿದ್ದು), ಮಳೆಗಾಲದಲ್ಲಿ ಬೈಂಬಳೆ (ಬಿದಿರಿನ ಕಳಲೆ) ಇರಬೇಕೇ ಹೊರತು ಪನೀರ್ ಬೆಣ್ಣೆ ಮಸಾಲೆ ಅಲ್ಲ. ಪನೀರ್ ಇಟ್ಟಾಗ ‘ಕೊಡಗಿನ ಊಟ ಎಂದು ಬಂದರೆ ಇದೇನು’ ಎಂದು ಅವರೇ ಬರೆದದ್ದು ಪುಸ್ತಕದಲ್ಲಿದೆ. ಬೈಂಬಳೆಯನ್ನು ಹೆಚ್ಚಿ ಎರಡು ಮೂರು ದಿನ ದಿನಾ ನೀರು ಬದಲಿಸಿ ನೆನೆಸದೆ, ಆಮೇಲೆ ಚೆನ್ನಾಗಿ ಬೇಯಿಸದೆ ಬಡಿಸಲೇಬಾರದು, ಕಹಿಯಷ್ಟೇ ಅಲ್ಲ, ಹಸಿ ಕಳಲೆಯಲ್ಲಿ ವಿಷದ ಅಂಶವಿದೆ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಟೇಬಲ್ಲಿಗೆ ಪುಟ್ಟ ಬಟ್ಟಲಲ್ಲಿ ಕಾಚಂಪುಳಿ ಇಟ್ಟು ಹುಳಿಯನ್ನು ಅವರಿಗೇ ಬಿಟ್ಟದ್ದು ಕೆಟ್ಟಿತು: ಹೊರಗಿನವರು ಅದನ್ನು ಸಾಸ್ ಎಂದುಕೊಂಡು ಸುರಿದುಕೊಳ್ಳುತ್ತಾರೆ. ಮಕ್ಕಳಿಗೆ ಖಾರ ಕಡಿಮೆಯ ಪಂದಿ ಮಾಡುವುದೂ ವ್ಯರ್ಥ, ಅವರಿಗೆ ನೂಪುಟ್ಟು, ಬೆಲ್ಲ, ಕಾಯಿಹಾಲು ಸಾಕು, ತಟ್ಟೆ ಖಾಲಿಯಾಗಿ ಬರುತ್ತದೆ. ಪ್ಯಾಶನ್ ಫ್ರೂಟ್ ಪಾನಕವನ್ನು ಊಟದ ಮೊದಲು ಕೊಟ್ಟರೆ ಕಾಯುವ ಹೊತ್ತಿನ ದೂರು ಇಳಿಯುತ್ತದೆ, ಆದರೆ ಸಕ್ಕರೆ ಹೆಚ್ಚಾದರೆ ಹಸಿವೆಯೂ ಇಳಿಯುತ್ತದೆ. ಕಕ್ಕಡದಲ್ಲಿ (ಕೊಡಗಿನ ಮಳೆಗಾಲದ ತಿಂಗಳು) ಮದ್ದುಸೊಪ್ಪಿನ ಪಾಯಸ ಇಡುವವರು ಬಡಿಸುವ ಮೊದಲೇ ‘ನಾಳೆ ಮೂತ್ರ ಕೆಂಪಾಗುತ್ತದೆ, ಗಾಬರಿ ಬೇಡ’ ಎಂದು ಹೇಳಲೇಬೇಕು. ಹೇಳದಿದ್ದರೆ ಮರುದಿನ ಬೆಳಿಗ್ಗೆ ಫೋನು ತಪ್ಪಿದ್ದಲ್ಲ.

ದುಡ್ಡಿನ ಮಾತು, ನೆನಪಿನಿಂದ ಅಂದಾಜಿಗೆ. ಬಫೆ ಇದ್ದಾಗ ಒಂದು ಶನಿವಾರಕ್ಕೆ ಹದಿನಾಲ್ಕು, ಹದಿನೈದು ಕಿಲೋ ಊಟ ಹಂದಿಗೂಡಿಗೆ ಹೋಗುತ್ತಿತ್ತು. ಈಗ ನಾಲ್ಕೈದು ಕಿಲೋ. ದೊಡ್ಡವರಿಗೆ 550 ರೂಪಾಯಿ ದರ. ಪಂದಿಗೆ ತಲೆಗೆ 65 ರೂಪಾಯಿ, ಕೋಳಿಗೆ 25ರ ಮೇಲೆ, ಅಕ್ಕಿ, ತರಕಾರಿ, ಸಿಹಿ, ಮಸಾಲೆ, ಗ್ಯಾಸ್ ಎಲ್ಲ ಸೇರಿ 190ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮರುಬಡಿಸುವವರ ಸಂಬಳ ಉಳಿದ ಊಟದ ಉಳಿತಾಯದಲ್ಲೇ ಹೊರಡುತ್ತದೆ. ಸಣ್ಣ ಪಾತ್ರೆಗಳಿಗೆ ಒಂದು ಸಲದ ಖರ್ಚು ಮೂವತ್ತು ಸಾವಿರದ ಹತ್ತಿರ, ಗ್ಯಾಸ್ ತುಸು ಹೆಚ್ಚು.

ಇಷ್ಟಾದ ಮೇಲೂ ಪುಸ್ತಕದಲ್ಲಿ ಉಳಿಯುವ ಭಿನ್ನಮತ ಮುಖ್ಯವಾಗಿ ಹುಳಿಯದು. ಅದರಲ್ಲೂ ಕೊಡಗಿನವರೇ ಎರಡು ಪಾಲು: ಒಬ್ಬರಿಗೆ ‘ಕಪ್ಪು ಸಾಲದು’, ಇನ್ನೊಬ್ಬರಿಗೆ ‘ನಮ್ಮ ಮನೆಯಲ್ಲಿ ಇಷ್ಟು ಹುಳಿ ಹಾಕುವುದಿಲ್ಲ’. ಅದು ಹೊತ್ತಿಗೂ ಹಂಡೆಗೂ ಹೊಂದುವುದಿಲ್ಲ, ಎಲ್ಲ ಸಾಲುಗಳಲ್ಲೂ ಚದುರಿದೆ. ಹಾಗೆ ಚದುರಿದ್ದನ್ನು ನಾನು ಮುಟ್ಟಲು ಹೋಗುವುದಿಲ್ಲ. ಒಂದೇ ಹೊತ್ತಿನಲ್ಲಿ ಗುಂಪಾಗಿ ಬಿದ್ದ ಮಾತು ಕಂಡರೆ ಮಾತ್ರ ಅಡುಗೆಮನೆಗೆ ಹೋಗುತ್ತೇನೆ. ಸದ್ಯ ಹಾಗೆ ಗುಂಪಾಗಿ ಕಾಣುತ್ತಿರುವುದು ಭಾನುವಾರ ಒಂದೂವರೆಯ ಕೋಳಿ ಕರಿ: ಬೆಂಗಳೂರಿಗೆ ಹೊರಡುವ ಅವಸರದವರೆಲ್ಲ ಒಮ್ಮೆಗೇ ಕೂರುತ್ತಾರೆ, ಆ ಪಾತ್ರೆಗೆ ಮಸಾಲೆ ಹಿಡಿಯುವಷ್ಟು ಹೊತ್ತು ಸಿಗುತ್ತಿಲ್ಲ. ಬರುವ ವಾರದಿಂದ ಆ ಕೋಳಿಯನ್ನು ಹನ್ನೆರಡಕ್ಕೇ ಒಲೆಗಿಡಿಸಿ, ಕಾಯಿಹಾಲು ಮಾತ್ರ ಕೊನೆಗೆ ಹಾಕಿಸಿ ನೋಡಬೇಕಿದೆ.