ಒಂದು ಫೈಬರ್, ಎರಡು ಮಹಡಿ: ಮೇಲೆ ಇಂಟರ್ನೆಟ್ ಬಾರದಿದ್ದರೆ ಹುಡುಕುವುದು ಎಲ್ಲಿಂದ?

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಅದು ರಾಜಾಜಿನಗರವಿರಲಿ ಬನಶಂಕರಿಯಿರಲಿ, ಕೆಳಗೆ ಅಪ್ಪ ಅಮ್ಮ, ಮೇಲೆ ಮಗ ಸೊಸೆ ಮೊಮ್ಮಕ್ಕಳು ಇರುವ ಮನೆಗಳು ಬಹಳ. ಅಂಥ ಮನೆಗೆ ಒಂದೇ ಫೈಬರ್ ಸಂಪರ್ಕ ಧಾರಾಳವಾಗಿ ಸಾಲುತ್ತದೆ. ಆದರೆ ಅದನ್ನು ಮಹಡಿಗೆ ಒಯ್ಯಲೆಂದು ಎರಡನೆಯ ರೌಟರ್ ತಂದು ಜೋಡಿಸಿದ ದಿನದಿಂದ ತಾಪತ್ರಯ ಶುರುವಾಗುತ್ತದೆ. ಕೆಳಗೆ ಬರುತ್ತದೆ, ಮೇಲೆ ಬರುವುದಿಲ್ಲ. ಬೆಳಿಗ್ಗೆ ಬಂದದ್ದು ಸಂಜೆ ನಿಲ್ಲುತ್ತದೆ. ಒಂದು ಫೋನಿಗೆ ಸಿಕ್ಕಿದ್ದು ಪಕ್ಕದ ಫೋನಿಗೆ ಸಿಗುವುದಿಲ್ಲ. ಆಗ ಹೆಚ್ಚಿನವರು ಎಲ್ಲವನ್ನೂ ಆರಿಸಿ ಹಾಕುತ್ತಾರೆ, ಅದೂ ಫಲಿಸದಿದ್ದರೆ ಕಂಪನಿಗೆ ಫೋನ್ ಮಾಡುತ್ತಾರೆ. ಕಂಪನಿಯ ಹುಡುಗ ಬಂದು, ತನ್ನ ಮೋಡೆಮ್, ಅಂದರೆ ಕೆಳಗಿರುವ ಮೊದಲ ರೌಟರ್, ಪರೀಕ್ಷಿಸಿ, "ನಮ್ಮ ಕಡೆಯಿಂದ ಸರಿಯಾಗಿದೆ ಸಾರ್" ಎಂದು ಹೇಳಿ ಹೋಗುತ್ತಾನೆ. ಅವನ ಮಾತು ಬಹುಪಾಲು ನಿಜವೇ ಆಗಿರುತ್ತದೆ, ಏಕೆಂದರೆ ದೋಷವಿರುವುದು ಅವನ ಮೋಡೆಮ್‌ನಿಂದ ಮುಂದೆ, ನಾವೇ ಜೋಡಿಸಿಕೊಂಡ ಭಾಗದಲ್ಲಿ.

ಹುಡುಕುವ ಕ್ರಮ ಒಂದೇ: ಫೈಬರ್ ಮನೆಯೊಳಗೆ ಬರುವ ಜಾಗದಿಂದ ಹೊರಟು ಒಂದೊಂದೇ ಜೋಡಣೆಯನ್ನು ದಾಟುತ್ತ ಮೇಲಕ್ಕೆ ಹೋಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದೇ ಇಲ್ಲ.

ಮೊದಲು ಫೈಬರ್ ಮೋಡೆಮ್‌ನ ದೀಪಗಳನ್ನು ನೋಡಿ. 'ಎಲ್‌ಒಎಸ್' ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕಿನ ಸಂಕೇತವೇ ಮನೆಗೆ ತಲುಪುತ್ತಿಲ್ಲ ಎಂದರ್ಥ. ನಮ್ಮ ಊರಿನಲ್ಲಿ ಫೈಬರ್ ತಂತಿ ಕಂಬದಿಂದ ಮರಕ್ಕೆ, ಮರದಿಂದ ತಾರಸಿಗೆ ಹಾದು ಬರುವುದರಿಂದ, ಬೀದಿಯಲ್ಲಿ ಕೊಂಬೆ ಕಡಿದ ದಿನ ಈ ದೀಪ ಕೆಂಪಾದರೆ ಕಾರಣ ಹುಡುಕಬೇಕಾಗಿಲ್ಲ, ದೂರು ದಾಖಲಿಸಿದರೆ ಆಯಿತು. ಆದರೆ ಅದಕ್ಕೂ ಮೊದಲು, ಮೋಡೆಮ್‌ನ ಹಿಂದೆ ಹಸಿರು ತುದಿಯ ತೆಳ್ಳನೆಯ ತಂತಿ ಟಿವಿ ಸ್ಟ್ಯಾಂಡಿಗೂ ಗೋಡೆಗೂ ನಡುವೆ ಸಿಕ್ಕಿ ಮಡಚಿಕೊಂಡಿದೆಯೇ ನೋಡಿ. ಫೈಬರ್ ಚೂಪಾಗಿ ಬಾಗಿದರೆ ಮುರಿಯದೆಯೂ ಬೆಳಕು ಸೋರಿಹೋಗುತ್ತದೆ. ಅಗಲವಾದ ಸುರುಳಿಯಾಗಿ ಬಿಟ್ಟರೆ ಎಷ್ಟೋ ಬಾರಿ ಅಷ್ಟರಲ್ಲೇ ಸರಿಹೋಗುತ್ತದೆ. ಬಿಚ್ಚಿದ ಫೈಬರ್ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಮಕ್ಕಳಿಗೂ ಬಿಡಬೇಡಿ. ಅದರಲ್ಲಿ ಹರಿಯುವ ಬೆಳಕು ಅವಗೆಂಪಿನದು, ಕಣ್ಣಿಗೆ ಕಾಣುವುದೇ ಇಲ್ಲ.

ದೀಪಗಳು ಸರಿಯಿದ್ದರೆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಒಂದು ಗಿಡ್ಡ ಕೇಬಲ್‌ನಿಂದ ಅದನ್ನು ನೇರವಾಗಿ ಮೋಡೆಮ್‌ಗೆ ಜೋಡಿಸಿ. ಮಹಡಿಯ ಕಡೆಗೆ ಹೋಗುವ ಕೇಬಲ್ಲನ್ನು ಈ ಹೊತ್ತಿಗೆ ಕಿತ್ತಿಡಿ. ಆಜ್ಞೆ ಬರೆಯುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್ ತೆರೆದು ಮೂರು ವಿಳಾಸಗಳನ್ನು ಇದೇ ಕ್ರಮದಲ್ಲಿ ಪಿಂಗ್ ಮಾಡಿ, ಅಂದರೆ ping ಎಂದು ಬರೆದು ಪಕ್ಕದಲ್ಲಿ ವಿಳಾಸ ಕೊಟ್ಟು ಅಲ್ಲಿಂದ ಉತ್ತರ ಬರುತ್ತದೆಯೇ ನೋಡಿ: ಮೊದಲು ಮೋಡೆಮ್‌ನ ವಿಳಾಸ (ಹಲವು ಮೋಡೆಮ್‌ಗಳಲ್ಲಿ 192.168.1.1, ನಿಮ್ಮದು ಬೇರೆಯಾಗಿದ್ದರೆ ಮೋಡೆಮ್‌ನ ಅಡಿಯ ಚೀಟಿಯಲ್ಲಿ ಇರುತ್ತದೆ), ಆಮೇಲೆ 8.8.8.8 (ಮನೆಯ ಹೊರಗಿನ, ಗೂಗಲ್‌ನ ಒಂದು ವಿಳಾಸ), ಕೊನೆಗೆ ಹೆಸರಿನಿಂದ ಯಾವುದಾದರೂ ಜಾಲತಾಣ. ಮೊದಲನೆಯದೇ ಉತ್ತರಿಸದಿದ್ದರೆ ದೋಷ ಕೇಬಲ್‌ನಲ್ಲೋ ಮೋಡೆಮ್‌ನ ಆ ಪೋರ್ಟಿನಲ್ಲೋ ಇದೆ. ಮೊದಲನೆಯದು ಬಂದು ಎರಡನೆಯದು ಬಾರದಿದ್ದರೆ ಅದು ಕಂಪನಿಯ ಕೆಲಸ. ಎರಡೂ ಬಂದು ಹೆಸರು ಮಾತ್ರ ಸಿಗದಿದ್ದರೆ, ಜಾಲತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಕೆಟ್ಟಿದೆ. ಮೋಡೆಮ್‌ನ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಎಂಬಲ್ಲಿ 1.1.1.1 ಅಥವಾ 8.8.8.8 ಎಂದು ಬರೆದರೆ ಮುಗಿಯಿತು. ಮೂರೂ ಬಂದರೆ ಕಂಪನಿಯನ್ನು ಮರೆತು ಮಹಡಿ ಮೆಟ್ಟಿಲು ಹತ್ತಿ.

ನಡುವಿನ ಕೇಬಲ್

ಎರಡು ಮಹಡಿಗಳ ನಡುವೆ ತಾಮ್ರದ ಕೇಬಲ್ಲನ್ನೇ ಎಳೆಸಿ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ವೈಫೈ ರಿಪೀಟರ್‌ಗಳನ್ನು ಕೊಳ್ಳಬೇಡಿ. ಒಂದೇ ರೇಡಿಯೊದಲ್ಲಿ ಕೆಳಗಿನಿಂದ ಕೇಳಿ ಅದೇ ರೇಡಿಯೊದಲ್ಲಿ ಮೇಲಕ್ಕೆ ಹೇಳಬೇಕಾದ್ದರಿಂದ ಅವು ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತವೆ, ಜೊತೆಗೆ ಆರ್‌ಸಿಸಿ ತಾರಸಿಯೊಳಗಿನ ಕಬ್ಬಿಣ ಉಳಿದರ್ಧವನ್ನೂ ತಿನ್ನುತ್ತದೆ.

ಎಸ್.ಪಿ. ರಸ್ತೆಯಲ್ಲಿ ಕ್ಯಾಟ್ 6 ಎಂಬ ಇಂಟರ್ನೆಟ್ ಕೇಬಲ್ ಕೇಳಿದರೆ ಮೊದಲು ಅಗ್ಗದ್ದನ್ನೇ ತೋರಿಸುವ ಅಂಗಡಿಗಳಿವೆ. ಅದರಲ್ಲಿ ಎಷ್ಟೋ ಕೇಬಲ್‌ಗಳ ತಂತಿ ತಾಮ್ರದ್ದಲ್ಲ, ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಹೊಳೆದರೆ ಬೇಡವೆನ್ನಿ. ಅದು ಬಾಗಿಸಿದರೆ ಬೇಗ ಮುರಿಯುತ್ತದೆ, ಕನೆಕ್ಟರಿಗೆ ಒತ್ತಿ ಕೂರಿಸಿದ (ಕ್ರಿಂಪ್ ಮಾಡಿದ) ಜಾಗದಲ್ಲಿ ಕಾಲಕ್ರಮೇಣ ಸಡಿಲವಾಗುತ್ತದೆ. ಕೇಬಲ್ಲನ್ನು ಕರೆಂಟಿನ ಪೈಪಿನೊಳಗೆ ತೂರಿಸಬೇಡಿ. ಗೋಡೆಯ ಹೊರಗೆ ಇಳಿಬಿಡುವುದೂ ಬೇಡ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಹೊರಗಿನ ತಂತಿಯ ಮೂಲಕ ಪೋರ್ಟುಗಳು ಸುಟ್ಟುಹೋಗುವುದುಂಟು.

ತುದಿಗೆ ಆರ್‌ಜೆ45 ಕನೆಕ್ಟರ್ ಹಾಕುವಾಗ ಆಗುವ ತಪ್ಪೊಂದು ಮಾತ್ರ ಬಹಳ ಕಾಡುವಂಥದ್ದು. ಎಡದಿಂದ ಬಣ್ಣಗಳ ಕ್ರಮ ಹೀಗಿರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕನೆಕ್ಟರಿನ ಕೊಕ್ಕೆ ಕೆಳಗೆ, ಕೇಬಲ್ ನಿಮ್ಮ ಕಡೆಗೆ ಇರುವಂತೆ ಹಿಡಿದು ಈ ಎಡವನ್ನು ಎಣಿಸಬೇಕು. ಹಸಿರು ಜೋಡಿ ಮೂರನೆಯ ಮತ್ತು ಆರನೆಯ ಜಾಗಗಳಲ್ಲಿ ಬೇರ್ಪಟ್ಟು ಕೂರುವುದನ್ನು ಗಮನಿಸಿ. ಕೆಲವು ಎಲೆಕ್ಟ್ರಿಷಿಯನ್‌ಗಳು ನೋಡಲು ಚೆಂದವೆಂದು ಜೋಡಿಗಳನ್ನು ಅಕ್ಕಪಕ್ಕದಲ್ಲೇ ಸಾಲಾಗಿ ಕೂರಿಸಿ, ಎರಡೂ ತುದಿಯಲ್ಲಿ ಒಂದೇ ಥರ ಇದ್ದರಾಯಿತು ಎನ್ನುತ್ತಾರೆ. ಎಂಟು ದೀಪಗಳ ಅಗ್ಗದ ಟೆಸ್ಟರ್ ಕೂಡ ಅದನ್ನು ಸರಿಯೆಂದೇ ತೋರಿಸುತ್ತದೆ, ಏಕೆಂದರೆ ತಂತಿ ಈ ತುದಿಯಿಂದ ಆ ತುದಿಗೆ ತಲುಪಿದೆಯೇ ಎಂಬುದನ್ನಷ್ಟೇ ಅದು ನೋಡುತ್ತದೆ. ಆದರೆ ಸಂಕೇತ ಹರಿಯಬೇಕಾದದ್ದು ಒಂದಕ್ಕೊಂದು ಹೆಣೆದ ಎರಡು ತಂತಿಗಳಲ್ಲಿ. ಹೆಣಿಗೆ ತಪ್ಪಿದರೆ ಒಂದು ಜೋಡಿಯ ಸದ್ದು ಇನ್ನೊಂದಕ್ಕೆ ನುಗ್ಗುತ್ತದೆ, ಗಿಡ್ಡ ಕೇಬಲ್‌ನಲ್ಲಿ ಹೇಗೋ ನಡೆದದ್ದು ಮಹಡಿಯವರೆಗಿನ ಕೇಬಲ್‌ನಲ್ಲಿ ಬಿಟ್ಟುಬಿಟ್ಟು ಬರುತ್ತದೆ. ಹೊರಸಿಪ್ಪೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಸುಲಿಯಬೇಡಿ, ಮತ್ತು ಆ ಸಿಪ್ಪೆಯೂ ಕನೆಕ್ಟರಿನ ಒಳಗೆ ಸೇರಿ ಕಚ್ಚಿಕೊಳ್ಳುವಂತೆ ಒತ್ತಿ.

ಕೇಬಲ್ ಅರ್ಧಂಬರ್ಧ ಕೆಟ್ಟಿರುವುದಕ್ಕೆ ಒಂದು ಖಚಿತ ಗುರುತಿದೆ. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿ ಬೇಕು, 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಆದ್ದರಿಂದ ನೀಲಿಯೋ ಕಂದೋ ಒಂದು ತಂತಿ ತುಂಡಾದರೆ ಸಂಪರ್ಕ ನಿಲ್ಲದೆ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ನೀವು 200 ಅಥವಾ 300 ಎಂಬಿಪಿಎಸ್‌ಗೆ ಹಣ ಕಟ್ಟುತ್ತಿದ್ದು, ಮೇಲೆ ಎಷ್ಟು ಸಲ ಅಳೆದರೂ ವೇಗ 94ರ ಆಸುಪಾಸಿನಲ್ಲೇ ನಿಂತರೆ, ಒಂದೋ ಕೇಬಲ್‌ನ ತುದಿ ಕೆಟ್ಟಿದೆ, ಇಲ್ಲವೇ ಮೇಲಿನ ರೌಟರ್‌ನ ಪೋರ್ಟುಗಳೇ 100ರವು. ಕೆಳಗೆ ಪರೀಕ್ಷಿಸಿದ ಅದೇ ಲ್ಯಾಪ್‌ಟಾಪನ್ನು ಮೇಲೆ ಒಯ್ದು, ರೌಟರ್ ಬಿಟ್ಟು, ಕೇಬಲ್‌ನ ತುದಿಗೇ ಜೋಡಿಸಿದರೆ ಎರಡರಲ್ಲಿ ಯಾವುದು ಎಂಬುದು ಗೊತ್ತಾಗುತ್ತದೆ.

ಎಲ್ಲರೂ ಎಡವುವ ಜಾಗ: ಎರಡನೆಯ ರೌಟರ್

ಮನೆಯ ಪ್ರತಿಯೊಂದು ಫೋನಿಗೂ ಟಿವಿಗೂ ಒಂದು ಐಪಿ ವಿಳಾಸ ಬೇಕು, ಅದನ್ನು ಹಂಚುವ ಕೆಲಸದ ಹೆಸರು ಡಿಎಚ್‌ಸಿಪಿ. ಕೆಳಗಿನ ಮೋಡೆಮ್ ಅದನ್ನು ಮಾಡುತ್ತಿರುತ್ತದೆ. ಅಂಗಡಿಯಿಂದ ತಂದ ರೌಟರ್ ಕೂಡ, ಬೇಡವೆಂದು ಹೇಳದ ಹೊರತು, ಅದನ್ನೇ ಮಾಡಲು ಹೊರಡುತ್ತದೆ. ಒಂದೇ ಬೀದಿಯ ಮನೆಗಳಿಗೆ ಇಬ್ಬರು ಬೇರೆ ಬೇರೆಯಾಗಿ ನಂಬರು ಬರೆದು ಹೋದ ಹಾಗಾಗುತ್ತದೆ ಸ್ಥಿತಿ. ಯಾರು ಮೊದಲು ಉತ್ತರಿಸಿದರೋ ಅವರ ವಿಳಾಸವನ್ನು ಫೋನ್ ಹಿಡಿದುಕೊಳ್ಳುತ್ತದೆ. ಮೋಡೆಮ್‌ನಿಂದ ಪಡೆದರೆ ಇಂಟರ್ನೆಟ್ ಬರುತ್ತದೆ, ಎರಡನೆಯ ರೌಟರ್‌ನಿಂದ ಪಡೆದರೆ ಬರುವುದಿಲ್ಲ. ಒಂದು ಫೋನಿಗೆ ಬಂದು ಇನ್ನೊಂದಕ್ಕೆ ಬಾರದ ವಿಚಿತ್ರದ ಮೂಲ ಇದೇ. ಮೇಲಿನ ರೌಟರ್ ಎಬ್ಬಿಸಿದ ಈ ಗೊಂದಲ ಕೇಬಲ್ ಮೂಲಕ ಕೆಳಗಿಳಿದು ಅಪ್ಪನ ಟಿವಿಯನ್ನೂ ನಿಲ್ಲಿಸುತ್ತದೆ.

ಇದನ್ನು ಸರಿಪಡಿಸುವಾಗ ಕ್ರಮ ತಪ್ಪಬಾರದು. ಮೊದಲು ಬ್ರೌಸರಿನಲ್ಲಿ ಕೆಳಗಿನ ಮೋಡೆಮ್‌ನ ವಿಳಾಸ ಬರೆದು ಅದರ ಸೆಟ್ಟಿಂಗ್ ಪುಟ ತೆರೆದು, ಅದು ಹಂಚುವ ವಿಳಾಸಗಳನ್ನು 192.168.1.100ರಿಂದ 192.168.1.200ರವರೆಗೆ ಎಂದು ಮಿತಿಗೊಳಿಸಿ (ನಿಮ್ಮ ಮೋಡೆಮ್‌ನ ವಿಳಾಸ ಬೇರೆಯಾಗಿದ್ದರೆ ಇಲ್ಲಿಂದ ಮುಂದೆ ಎಲ್ಲ ಕಡೆ ಮೊದಲ ಮೂರು ಸಂಖ್ಯೆಗಳನ್ನು ಅದರಲ್ಲಿರುವಂತೆಯೇ ಇಡಿ). ಬಳಿಕ ಎರಡನೆಯ ರೌಟರನ್ನು ಮನೆಯ ಜಾಲಕ್ಕೆ ಜೋಡಿಸದೆ, ಕೇವಲ ಲ್ಯಾಪ್‌ಟಾಪಿಗೆ ಜೋಡಿಸಿ ತೆರೆಯಿರಿ. ಅದರಲ್ಲಿ 'ಆ್ಯಕ್ಸೆಸ್ ಪಾಯಿಂಟ್ ಮೋಡ್' (ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ವಿಧಾನ) ಎಂಬ ಆಯ್ಕೆಯಿದ್ದರೆ ಅದನ್ನೇ ಆರಿಸಿ. ಮುಂದಿನ ಶ್ರಮ ಉಳಿಯುತ್ತದೆ. ಇಲ್ಲದಿದ್ದರೆ ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಮತ್ತು ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಅನಂತರ ಅದರ ಲ್ಯಾನ್ (ಮನೆಯೊಳಗಿನ ಜಾಲದ) ವಿಳಾಸವನ್ನು 192.168.1.2 ಎಂದು ಮಾಡಿ ಉಳಿಸಿ. ಅದು ಮರಳಿ ಚಾಲೂ ಆದ ಮೇಲೆ ಹೊಸ ವಿಳಾಸದಲ್ಲಿ ಮತ್ತೆ ತೆರೆದು, ಕಟ್ಟಕಡೆಗೆ ಡಿಎಚ್‌ಸಿಪಿ ಆಫ್ ಮಾಡಿ. ಇದನ್ನು ಮೊದಲೇ ಆಫ್ ಮಾಡಿದವರು ಲ್ಯಾಪ್‌ಟಾಪಿಗೆ ವಿಳಾಸವೇ ಸಿಗದೆ, ರೌಟರಿನ ಪುಟವನ್ನೂ ತೆರೆಯಲಾಗದೆ, ರೀಸೆಟ್ ಗುಂಡಿ ಒತ್ತಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಈಗ ಕೆಳಗಿನಿಂದ ಬಂದ ಕೇಬಲ್ಲನ್ನು ಎರಡನೆಯ ರೌಟರಿನ ಲ್ಯಾನ್ ಪೋರ್ಟಿಗೆ ಚುಚ್ಚಿ. ಬೇರೆ ಬಣ್ಣದಲ್ಲಿರುವ, ಕೈ ತಾನಾಗಿ ಹೋಗುವ ಆ ವಾನ್ (ಹೊರಗಿನ ಇಂಟರ್ನೆಟ್ಟಿಗೆಂದಿರುವ) ಪೋರ್ಟನ್ನು ಖಾಲಿ ಬಿಡಿ. ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಹಾಕಿದ್ದರೆ ಮಾತ್ರ ಕೈಪಿಡಿ ಹೇಳಿದ ಪೋರ್ಟನ್ನು ಬಳಸಿ. ಡಿಎಚ್‌ಸಿಪಿ ಆಫ್ ಮಾಡದೆ ವಾನ್ ಪೋರ್ಟಿಗೆ ಹಾಕಿದರೂ ಇಂಟರ್ನೆಟ್ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. ಎರಡೂ ಡಬ್ಬಗಳ ವಿಳಾಸದ ಸರಣಿ ಬೇರೆಯಾಗಿದ್ದರೆ ಬರುತ್ತದೆ, ಆದರೆ ಮಹಡಿ ಒಂದು ಪ್ರತ್ಯೇಕ ಜಾಲವಾಗುತ್ತದೆ: ಕೆಳಗಿನ ಫೋನಿನಿಂದ ಮೇಲಿನ ಪ್ರಿಂಟರಿಗೆ ಕಳಿಸಲಾಗುವುದಿಲ್ಲ, ಮೆಟ್ಟಿಲಲ್ಲಿ ಇಳಿಯುತ್ತ ಮಾತಾಡಿದರೆ ವಿಡಿಯೊ ಕರೆ ಕಡಿಯುತ್ತದೆ. ಒಂದೇ ಸಂಸಾರದ ಮನೆಗೆ ಆ ವ್ಯವಸ್ಥೆ ಬೇಡ.

ಸರಿಯಾಯಿತೇ ಎಂದು ನೋಡಲು ಮೇಲಿನ ವೈಫೈಗೆ ಸೇರಿದ ಫೋನಿನಲ್ಲಿ ಆ ಸಂಪರ್ಕದ ವಿವರ ತೆರೆಯಿರಿ. ಗೇಟ್‌ವೇ ಎಂಬಲ್ಲಿ ಮೋಡೆಮ್‌ನ ವಿಳಾಸ, ಅಂದರೆ 192.168.1.1, ಇರಬೇಕು. ಎರಡನೆಯ ರೌಟರಿನ ವಿಳಾಸ ಕಂಡರೆ ಅದರ ಡಿಎಚ್‌ಸಿಪಿ ಇನ್ನೂ ಚಾಲೂ ಇದೆ. ಲ್ಯಾಪ್‌ಟಾಪಿನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ಯಾರೂ ಅದಕ್ಕೆ ವಿಳಾಸ ಕೊಟ್ಟಿಲ್ಲ, ಮತ್ತೆ ಕೇಬಲ್ಲಿನತ್ತ ನೋಡಿ. ಎಲ್ಲ ಪೋರ್ಟುಗಳ ದೀಪ ಒಟ್ಟಿಗೆ ಬಿಡುವಿಲ್ಲದೆ ಮಿನುಗುತ್ತ ಇಡೀ ಮನೆಯ ಜಾಲವೇ ಸ್ತಬ್ಧವಾಗಿದ್ದರೆ, ಯಾರೋ ಸಡಿಲವಾಗಿ ಬಿದ್ದಿದ್ದ ಕೇಬಲ್‌ನ ಎರಡೂ ತುದಿಯನ್ನು ಒಂದೇ ರೌಟರಿಗೆ ಚುಚ್ಚಿದ್ದಾರೆ. ಒಂದನ್ನು ಕಿತ್ತರೆ ತಕ್ಷಣ ಸರಿಹೋಗುತ್ತದೆ.

ಉಳಿದದ್ದು ಸುಲಭ. ಕೆಳಗಿನ ಮೋಡೆಮ್‌ಗೂ ಮೇಲಿನ ರೌಟರಿಗೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗಿನದಕ್ಕೆ 1ನೇ ಚಾನೆಲ್, ಮೇಲಿನದಕ್ಕೆ 6 ಅಥವಾ 11 ಇಡಿ. ಟಿವಿಗೆ ಸಾಧ್ಯವಾದರೆ ಕೇಬಲ್ಲೇ ಕೊಡಿ.

ಕೊನೆಯದಾಗಿ ಅಡಾಪ್ಟರ್‌ಗಳ ವಿಷಯ. ಮೋಡೆಮ್‌ಗೂ ರೌಟರಿಗೂ ಪಿನ್ ಒಂದೇ ಗಾತ್ರದ್ದಿರುವುದರಿಂದ, ಗುಡಿಸುವಾಗ ಕಿತ್ತು ಮರಳಿ ಚುಚ್ಚುವಾಗ ಅವು ಅದಲುಬದಲಾಗುತ್ತವೆ. 12 ವೋಲ್ಟಿನ ಮೋಡೆಮ್‌ಗೆ 9 ವೋಲ್ಟಿನದು ಸಿಕ್ಕರೆ ದೀಪ ಉರಿದರೂ ಅದು ಆಗಾಗ ತಾನೇ ಆರಿ ಹತ್ತಬಹುದು. ಪ್ರತಿ ಅಡಾಪ್ಟರಿನ ಮೇಲೆ ಅದು ಯಾವುದರದೆಂದು ಬರೆದು ಅಂಟಿಸಿ. ಎರಡಕ್ಕೂ ಪುಟ್ಟ ಯುಪಿಎಸ್ ಹಾಕಿಸಿ. ಕೆಳಗಿನದಕ್ಕೆ ಮಾತ್ರ ಹಾಕಿಸಿದರೆ ಕರೆಂಟು ಹೋದಾಗಲೆಲ್ಲ ಮೇಲಿನವರಿಗೆ ಇಂಟರ್ನೆಟ್ ನಿಲ್ಲುತ್ತದೆ. ಎರಡನೆಯ ರೌಟರಿನ 192.168.1.2 ವಿಳಾಸವನ್ನೂ ಅಡ್ಮಿನ್ ಪಾಸ್‌ವರ್ಡನ್ನೂ ಒಂದು ಚೀಟಿಯಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ.