ಗಜನಿ ನೀರಿನ ಮೀನು ಮನೆಯ ತೊಟ್ಟಿಗೆ ಬಂದದ್ದು

ಮೊದಲ ಸಲ ತಂದ ಆರು ಮೀನುಗಳಲ್ಲಿ ಐದು ಒಂಬತ್ತು ದಿನದೊಳಗೆ ಸತ್ತವು. ಉಪ್ಪು ಹೆಚ್ಚುಕಮ್ಮಿ ಆಗಿರಬೇಕು ಅಂತ ಎಲ್ಲರೂ ಅಂದರು, ನಾನೂ ಹಾಗೇ ನಂಬಿದ್ದೆ. ತಪ್ಪು ಉಪ್ಪಿನದ್ದಾಗಿರಲಿಲ್ಲ.

ನಮ್ಮದು ಕುಮಟಾ. ಅಘನಾಶಿನಿಯ ಅಳಿವೆ ಹತ್ತಿರದ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಜಂತ್ರಡಿ, ಅಂದರೆ ಗದ್ದೆಗೆ ನೀರು ತಡೆಯುವ ಬಾಗಿಲು, ತೆಗೆದರೆ ಉಬ್ಬರದ ಜೊತೆ ಉಪ್ಪುನೀರು ಒಳಗೆ ಬರುತ್ತದೆ, ಸಿಗಡಿ, ಮೀನು ಎಲ್ಲ ಬರುತ್ತವೆ. ಅಲ್ಲಿನ ಕಾಲುವೆಯಲ್ಲಿ ಕಿತ್ತಳೆ ಬಣ್ಣದ, ಬೆರಳುದ್ದದ ಒಂದು ಮೀನಿದೆ, ಆರೆಂಜ್ ಕ್ರೋಮೈಡ್. ಕೇರಳದವರು ಮುಗಿಬಿದ್ದು ತಿನ್ನುವ ಕರಿಮೀನಿನ ಹತ್ತಿರದ ನೆಂಟ, ಆದರೆ ಎಂಟು ಸೆಂಟಿಮೀಟರ್ ಆಸುಪಾಸಿಗೆ ಬೆಳವಣಿಗೆ ನಿಲ್ಲುತ್ತದೆ. ಮನೆಯ ತೊಟ್ಟಿಗೆ ಇದಕ್ಕಿಂತ ಹೊಂದುವ ಮೀನು ನಮ್ಮ ಅಳಿವೆಯಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಅಳಿವೆಯ ಇನ್ನೊಂದು ಮೀನು ಸ್ಕ್ಯಾಟ್, ಅದರ ಮರಿ ನಾಣ್ಯದಷ್ಟಿರುವಾಗ ತುಂಬಾ ಚಂದ, ನಿಜ. ಆದರೆ ಅದು ಒಂದಡಿ ತನಕ ಬೆಳೆಯುತ್ತದೆ, ಬೆನ್ನಿನ ಮುಳ್ಳು ಚುಚ್ಚಿದರೆ ವಿಪರೀತ ಉರಿ. ನಾನು ಎರಡು ಸಾಕಿ, ಕೊನೆಗೆ ದೊಡ್ಡ ಕೆರೆ ಇದ್ದವರಿಗೆ ಕೊಟ್ಟೆ.

ಮೊದಲ ಸಲ ಏನಾಯಿತು ಅಂದರೆ, ಹೊಸ ತೊಟ್ಟಿಗೆ ಬಾವಿ ನೀರು ಹಾಕಿ, ಅಡುಗೆ ಉಪ್ಪು ಕರಗಿಸಿ, ತಳಕ್ಕೆ ಚಿಪ್ಪಿನ ಚೂರು ಹರಡಿ, ಮರುದಿನವೇ ಮೀನು ಬಿಟ್ಟೆ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಅದನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ವಾರಗಟ್ಟಲೆ ಬೇಕು. ಅದರ ಮೇಲೆ ಚಿಪ್ಪು ನೀರಿನ ಪಿಹೆಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) ಅನ್ನು 8ರ ಹತ್ತಿರ ಇಡುತ್ತದೆ. ಈ ಮೀನಿಗೆ ಅದು ಬೇಕಾದದ್ದೇ, ಆದರೆ ಪಿಹೆಚ್ ಜಾಸ್ತಿ ಇದ್ದಷ್ಟೂ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು, ನಾನು ಇನ್ನಷ್ಟು ಉಪ್ಪು ಹಾಕಿದೆ. ಈಗಲೂ ನೆನೆದರೆ ಬೇಜಾರಾಗುತ್ತದೆ.

ಎರಡನೇ ಸಲ ಮೀನಿಗೆ ಮೊದಲು ನೀರು. ಮೂರಡಿ ತೊಟ್ಟಿ, ಸುಮಾರು 120 ಲೀಟರ್. ಅಡುಗೆ ಉಪ್ಪಿನಲ್ಲಿ ಸಮುದ್ರದ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲ, ಹಾಗಾಗಿ ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪನ್ನೇ ತಂದೆ. ಲೀಟರಿಗೆ 10 ಗ್ರಾಂ ಲೆಕ್ಕ, ಅಂದರೆ ಸಮುದ್ರದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಸುಮ್ನೆ ಅಂದಾಜಿಗೆ ಹಾಕಲಿಲ್ಲ, ಫೆಬ್ರವರಿಯಲ್ಲಿ ಆ ಕಾಲುವೆಯ ನೀರನ್ನು ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿದಾಗ ಸಾವಿರಕ್ಕೆ 12 ಭಾಗ ಇತ್ತು. ಜುಲೈಯಲ್ಲಿ ಅದೇ ನೀರು ಹೆಚ್ಚುಕಮ್ಮಿ ಸಿಹಿ. ಅಂದರೆ ಈ ಮೀನು ಉಪ್ಪಿನ ಏರಿಳಿತ ತಡೆಯುತ್ತದೆ, ಅದಕ್ಕೆ ತಡೆಯಲಾಗದ್ದು ಕೊಳೆ ನೀರು. ಆ ಬ್ಯಾಕ್ಟೀರಿಯಾ ಬೆಳೆಯಲಿ ಅಂತ ಖಾಲಿ ತೊಟ್ಟಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಐದು ವಾರ ಫಿಲ್ಟರ್ ಓಡಿಸಿದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದಲೇ ಆಗುವ ಇನ್ನೊಂದು ವಿಷ ನೈಟ್ರೈಟ್, ಎರಡೂ ಸೊನ್ನೆ ತೋರಿಸಿದ ಮೇಲೆಯೇ ಬಲೆ ತೆಗೆದುಕೊಂಡು ಹೊರಟದ್ದು.

ಗಜನಿಯಲ್ಲಿ ಮೀನು ಹಿಡಿಯುವ ಹಕ್ಕು ಯಾರದ್ದಾದರೂ ಇರುತ್ತದೆ, ಕೇಳಿಯೇ ಇಳಿಯಿರಿ. ಇಳಿತದ ಹೊತ್ತಿಗೆ, ಬೆಳಿಗ್ಗೆ ಬೇಗ, ಕೈಬಲೆಯಿಂದ ಐದೇ ಮೀನು ಹಿಡಿದೆ. ಬಕೆಟಿಗೆ ಬ್ಯಾಟರಿ ಪಂಪ್. ಮನೆಯಲ್ಲಿ, ಮೀನು ಹೊಸ ನೀರಿಗೆ ಮೆಲ್ಲಗೆ ಒಗ್ಗಲಿ ಅಂತ, ತೆಳು ಪೈಪಿಗೆ ಗಂಟು ಹಾಕಿ, ತೊಟ್ಟಿಯ ನೀರು ಹನಿಹನಿಯಾಗಿ ಬಕೆಟಿಗೆ ಬೀಳುವ ಹಾಗೆ ಎರಡು ಗಂಟೆ ಬಿಟ್ಟೆ. ಬೇರೆ ಮೀನು ಇದ್ದ ತೊಟ್ಟಿಗಾದರೆ ಮೂರ್ನಾಲ್ಕು ವಾರ ಬೇರೆ ಇಟ್ಟೇ ಬಿಡಬೇಕು, ಕಾಡು ಮೀನಿನ ಮೈಮೇಲೆ ಪರಾವಲಂಬಿಗಳು ಇದ್ದೇ ಇರುತ್ತವೆ ಅನ್ನಿ.

ಅಂಗಡಿಯ ಕಾಳು ಆಹಾರವನ್ನು (ಪೆಲೆಟ್) ಅವು ಮೂಸಿಯೂ ನೋಡಲಿಲ್ಲ. ಸೊಳ್ಳೆ ಮರಿ, ಸಣ್ಣಗೆ ಹೆಚ್ಚಿದ ಸಿಗಡಿ ಕೊಟ್ಟೆ. ಮೂರನೇ ವಾರದಿಂದ ಸಿಗಡಿಗೆ ಕಾಳಿನ ಪುಡಿ ಅಂಟಿಸಿ ಕೊಡುತ್ತಾ ಬಂದೆ, ಈಗ ಎರಡನ್ನೂ ತಿನ್ನುತ್ತವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುವಾಗ ಅಷ್ಟೇ ಉಪ್ಪಿನ ನೀರು, ಆರಿಹೋದದ್ದನ್ನು ತುಂಬಿಸುವಾಗ ಮಾತ್ರ ಬರೀ ಸಿಹಿನೀರು. ನೀರು ಆರುತ್ತದೆ, ಉಪ್ಪು ಆರುವುದಿಲ್ಲ ಅಲ್ವಾ. ಹೀಟರ್ ನಮ್ಮ ಕರಾವಳಿಯಲ್ಲಿ ಬೇಕಾಗಲೇ ಇಲ್ಲ.

ಏಳನೇ ತಿಂಗಳಲ್ಲಿ ಒಂದು ಜೋಡಿ ಹಂಚಿನ ತುಂಡಿನ ಮೇಲೆ ಮೊಟ್ಟೆ ಇಟ್ಟಿತು. ಇಬ್ಬರೂ ಪಾಳಿ ಹಾಕಿಕೊಂಡ ಹಾಗೆ ರೆಕ್ಕೆಯಿಂದ ಗಾಳಿ ಬೀಸುತ್ತಿದ್ದರು, ಉಳಿದ ಮೂರನ್ನು ಮೂಲೆಗೆ ಓಡಿಸಿದ್ದರು. ನಾಲ್ಕನೇ ದಿನ ಮೊಟ್ಟೆ ಒಡೆಯಿತು. ಮರಿಗಳು ಈಜತೊಡಗಿದ ಮೇಲೆ ಅಪ್ಪ ಅಮ್ಮನ ಮೈಗೆ ಬಂದು ಬಂದು ಬಾಯಿ ಹಾಕುತ್ತಿದ್ದವು. ರೋಗವೇನೋ ಅಂತ ಹೆದರಿದೆ, ಆಮೇಲೆ ಗೊತ್ತಾಯಿತು, ಈ ಜಾತಿಯ ಮರಿಗಳು ಹೆತ್ತವರ ಮೈಯ ಲೋಳೆಯನ್ನೂ ತಿಂದು ಬೆಳೆಯುತ್ತವಂತೆ. ಮರಿಗಳನ್ನು ಬೇರೆ ಮಾಡಬೇಕು ಅಂತಿದ್ದವನು ಬಲೆ ಕೆಳಗಿಟ್ಟೆ. ಈಗ 31 ಮರಿಗಳಿವೆ. ಇವನ್ನು ವಾಪಸ್ ಗಜನಿಗೆ ಬಿಡುವುದಿಲ್ಲ, ತೊಟ್ಟಿಯ ಕಾಯಿಲೆ ಅಲ್ಲಿಗೆ ಹೋಗಬಾರದು. ಐದು ವಾರ ಖಾಲಿ ತೊಟ್ಟಿ ಓಡಿಸಲು ಒಪ್ಪುವ ಇಬ್ಬರು ಗೆಳೆಯರಿದ್ದಾರೆ, ಅವರಿಗೆ ಕೊಡುತ್ತೇನೆ.